ಕೋಳಿಮರಿಗೆ ಬಿಸಿಲು, ಬಾಣಂತಿಗೆ ಕತ್ತಲೆ

ನನ್ನಜ್ಜಿಗೆ ಓದು ಬರುತ್ತಿರಲಿಲ್ಲ. ಆದರೆ ಕೋಳಿ ಸಾಕುವುದರಲ್ಲಿ ಊರಿಗೆಲ್ಲ ಅವಳೇ ಪಂಡಿತೆ. ಮಂಡ್ಯದ ಕಡೆಯ ನಮ್ಮ ಹಳ್ಳಿಯಲ್ಲಿ ಬೆಳಗಾಗುತ್ತಲೇ ಮರಿಗಳನ್ನು ಅಂಗಳಕ್ಕೆ ಬಿಟ್ಟು, ಹದ್ದು ಕಾಗೆಯ ಭಯಕ್ಕೆ ಅಗಲ ಕಣ್ಣಿನ ಮಂಕರಿ ಕವುಚುತ್ತಿದ್ದಳು. ಅವಕ್ಕೆ ರಾಗಿ, ನುಚ್ಚು, ಗೆದ್ದಲು, ಕುಟ್ಟಿದ ಒಣಮೀನಿನ ತಲೆ. ಮೊಟ್ಟೆಯಿಡುವ ಹೇಟೆಗೆ ಮಾತ್ರ ಒಣಗಿಸಿ ಪುಡಿ ಮಾಡಿದ ಮೊಟ್ಟೆಸಿಪ್ಪೆ. ಎಳೆಯ ಮರಿಗೆ ಸುಣ್ಣದಂಶ ಅತಿಯಾದರೆ ಮೂತ್ರಪಿಂಡ ಕೆಡುತ್ತದೆಂದು ನಾನು ಓದಿದ್ದು ಎಷ್ಟೋ ವರ್ಷಗಳ ಮೇಲೆ.

ಒಂದು ಮಳೆಗಾಲ ಮುಂಗುಸಿಗೆ ಹೆದರಿ ನಾನು ಆರು ಮರಿಗಳನ್ನು ಕತ್ತಲೆಕೋಣೆಯಲ್ಲಿಟ್ಟು ಬರೀ ನುಚ್ಚು ಹಾಕಿ ಸಾಕಿದೆ. ಕೆಲವು ವಾರಗಳಲ್ಲಿ ಅವು ಕಾಲು ಮಡಚಿ ಕೂತುಬಿಟ್ಟವು. ಅಜ್ಜಿ ಬೈಯಲಿಲ್ಲ. "ಹೊಟ್ಟೆಗೆ ಹಾಕ್ದೆ, ಬಿಸ್ಲು ಹಾಕ್ಲಿಲ್ವಲ್ಲ ಮಗ" ಎಂದಳು. ಎರಡು ಮರಿ ಉಳಿದವು.

ಅಮೆರಿಕದ ಕೋಳಿ ಸಾಕುವವರಿಗೂ ಇದೇ ಸಂಕಟವಿತ್ತು. ಚಳಿಗಾಲದಲ್ಲಿ ಒಳಗೇ ಬೆಳೆಸಿದ ಮರಿಗಳ ಕಾಲು ಸೋಲುತ್ತಿದ್ದವು. 1920ರ ದಶಕದ ಮೊದಲಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಹಾರ್ಟ್, ಹ್ಯಾಲ್ಪಿನ್ ಮತ್ತು ಸ್ಟೀನ್‌ಬಾಕ್ ಇದನ್ನು ಪರೀಕ್ಷಿಸಿದರು. ನೇರ ಬಿಸಿಲು ಬಿದ್ದರೆ ಮರಿಗಳ ಕಾಲು ಗಟ್ಟಿಯಾಗುತ್ತಿದ್ದವು. ಕಿಟಕಿಯ ಗಾಜಿನ ಹಿಂದಿನ ಬಿಸಿಲು ಸಾಲದು, ಬೇಕಾದ ಕಿರಣವನ್ನು ಗಾಜು ತಡೆಯುತ್ತದೆ. ಬಿಸಿಲಿಲ್ಲದ ಕಡೆ ಕಾಡ್ ಲಿವರ್ ಎಣ್ಣೆ ಅದೇ ಕೆಲಸ ಮಾಡಿತು. ಆ ಎಣ್ಣೆಯಲ್ಲಿ ಮೂಳೆ ಕಾಯುವ ಅಂಶವೊಂದು ಬೇರೆಯೇ ಇದೆಯೆಂದು 1922ರಲ್ಲಿ ಮೆಕಾಲಮ್ ಮತ್ತು ಸಂಗಡಿಗರು ತೋರಿಸಿದ್ದರು. ಅದೇ ಇಂದಿನ ವಿಟಮಿನ್ ಡಿ. ಅದಕ್ಕೂ ಮುಂಚೆ, 1919ರಲ್ಲಿ, ಬರ್ಲಿನ್ನಿನ ವೈದ್ಯ ಹುಲ್ಡ್‌ಶಿನ್ಸ್ಕಿ ಮೂಳೆ ಮೆತ್ತಗಾದ ಮಕ್ಕಳನ್ನು ನೇರಳಾತೀತ ಕಿರಣದ ದೀಪದಿಂದ ಗುಣಪಡಿಸಿದ್ದ. ಮರಿಗೂ ಮಗುವಿಗೂ ಮದ್ದು ಒಂದೇ!

ಇದನ್ನು ಓದಿದಾಗ ನನಗೆ ಮೊದಲು ನೆನಪಾದದ್ದು ಅಜ್ಜಿಯಲ್ಲ, ನನ್ನ ಚಿಕ್ಕಮ್ಮ. ಮಂಕರಿ ಕವುಚುತ್ತಿದ್ದ ಅಂಗಳದಿಂದ ಹತ್ತೇ ಹೆಜ್ಜೆಯಾಚೆ ಅವಳ ಬಾಣಂತಿ ಕೋಣೆ. ಗಾಳಿ ಸೋಕಬಾರದೆಂದು ಕಿಟಕಿಗೆ ಗೋಣಿತಾಟು, ಕಿವಿಗೆ ಹತ್ತಿ, ತಲೆಗೆ ಬಟ್ಟೆ. ಊಟಕ್ಕೆ ಅನ್ನ, ಮೆಣಸಿನ ಸಾರು. ಐದು ಹೆರಿಗೆ, ಐದು ಸಲವೂ ಹೀಗೇ. ನಲವತ್ತಕ್ಕೆಲ್ಲ ಅವಳು ಸೊಂಟ ಹಿಡಿದೇ ಏಳುತ್ತಿದ್ದಳು.

ಒಂದು ಮೊಟ್ಟೆಯ ಸಿಪ್ಪೆಗೆ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಬೇಕು. ಮೇವಿನಲ್ಲಿ ಸಾಲದಿದ್ದರೆ ಹೇಟೆ ತನ್ನ ಮೂಳೆಯಿಂದಲೇ ಅದನ್ನು ಕೊಡುತ್ತದೆ. ಹಾಲೂಡಿಸುವ ತಾಯಿಯ ಮೂಳೆಯಿಂದಲೂ ಅಷ್ಟಿಷ್ಟು ಹೋಗುತ್ತದೆ. ಹೇಟೆಗೆ ಸಿಪ್ಪೆ ಹಾಕಬೇಕೆಂದು ಬಲ್ಲ ಅಜ್ಜಿಗೆ ಮಗಳ ವಿಷಯದಲ್ಲಿ ಅದು ಯಾಕೆ ಹೊಳೆಯಲಿಲ್ಲ? ಅವಳನ್ನು ದೂರಲಾರೆ. ಅವಳನ್ನೂ ಅದೇ ಕೋಣೆಯಲ್ಲಿ ಇರಿಸಿದ್ದರು. ಕೋಳಿಯ ವಿಷಯದಲ್ಲಿ ಅವಳು ಕಣ್ಣಾರೆ ಕಂಡದ್ದನ್ನು ನಂಬಿದಳು, ಹೆಂಗಸರ ವಿಷಯದಲ್ಲಿ ಹಿರಿಯರು ಹೇಳಿದ್ದನ್ನು.

ಹೋದ ವರ್ಷ ನನ್ನ ಮಗಳು ಹೆರಿಗೆಗೆ ಬಂದಿದ್ದಳು. ಡಾಕ್ಟರು ಬರೆದುಕೊಟ್ಟ ಮಾತ್ರೆ ತಪ್ಪಿಸಲಿಲ್ಲ. ರಾಗಿಗಂಜಿ, ಸೊಪ್ಪು, ಮೊಟ್ಟೆ ಎಲ್ಲ ಕೊಟ್ಟೆ. ಮೂರನೆಯ ವಾರದಲ್ಲಿ ಬೆಳಗಿನ ಹೊತ್ತು ತಾರಸಿಗೆ ಕುರ್ಚಿ ಹಾಕಿ ಅವಳನ್ನು ಕೂರಿಸಿದೆ. ಪಕ್ಕದ ಮನೆಯಾಕೆ, "ಹಸಿ ಬಾಣಂತೀನ ಬಿಸಿಲಿಗೆ ತಂದಿದೀರಲ್ರೀ!" ಎಂದು ಗಾಬರಿಯಾದರು.

"ನಮ್ಮಜ್ಜಿ ಕೋಳಿಮರೀನೂ ಬಿಸಿಲಿಗೆ ಬಿಡ್ತಿದ್ರು ಕಣ್ರೀ" ಎಂದೆ.