ತಾಲಿಲಿನ್ ರೈಲುಮಾರ್ಗದ ಸಂರಕ್ಷಣೆ

ಪ್ರಾಚೀನವಾದ ವಸ್ತುವನ್ನು ಕಾಪಾಡುವ ಕ್ರಮಗಳು ಎರಡು. ವಸ್ತುವನ್ನು ಉಪಯೋಗದಿಂದ ಬಿಡಿಸಿ ಇದ್ದಂತೆಯೇ ಇರಿಸುವುದು ಒಂದು; ಅದರ ಕಾರ್ಯವನ್ನು ನಡೆಯಿಸುತ್ತ, ಸವೆದ ಅವಯವಗಳನ್ನು ಹೊಸತುಮಾಡುತ್ತ ಹೋಗುವುದು ಇನ್ನೊಂದು. ವಸ್ತುಸಂಗ್ರಹಾಲಯಗಳು ಮೊದಲನೆಯದನ್ನು ಅನುಸರಿಸುವುವು. ದೇವಾಲಯಗಳ ಖಂಡಸ್ಫುಟಿತಜೀರ್ಣೋದ್ಧಾರಕ್ಕೆಂದು ಭೂಮಿಯನ್ನು ಬಿಟ್ಟುಕೊಟ್ಟವರೆಂದು ನಮ್ಮ ಶಾಸನಗಳು ಹೇಳುವ ದಾನಿಗಳು ಎರಡನೆಯದನ್ನು ಉದ್ದೇಶಿಸಿದ್ದರು. ಯಂತ್ರಯುಗದ ಅವಶೇಷವಾದ ಒಂದು ರೈಲುಮಾರ್ಗಕ್ಕೆ ಈ ಎರಡನೆಯ ಕ್ರಮವನ್ನು ಸ್ವಯಂಸೇವಕರು ಮೊತ್ತಮೊದಲು ಅನ್ವಯಿಸಿದುದು ವೇಲ್ಸ್ ದೇಶದ ತಾಲಿಲಿನ್ ಎಂಬಲ್ಲಿ. ಅದರ ಚರಿತ್ರೆಯನ್ನು ಸಂಗ್ರಹವಾಗಿ ನಿರೂಪಿಸಿ, ಅಲ್ಲಿ ನಿಜವಾಗಿ ಉಳಿದುದು ಯಾವುದೆಂಬುದನ್ನು ವಿಚಾರಮಾಡುವುದು ಪ್ರಕೃತ ಲೇಖನದ ಉದ್ದೇಶವಾಗಿದೆ.

ವೇಲ್ಸಿನ ಪಶ್ಚಿಮತೀರದಲ್ಲಿ ಟವಿನ್ ಎಂಬ ಊರಿದೆ. ಅದರ ಈಶಾನ್ಯದ ಬೆಟ್ಟಗಳಲ್ಲಿ ಬ್ರಿನ್ ಎಗ್ಲುಯಿಸ್ ಎಂಬ ಸ್ಲೇಟುಕಲ್ಲಿನ ಗಣಿಯಿದ್ದಿತು. ಮನೆಗಳಿಗೆ ಹೊದಿಸುವ ಈ ಕಲ್ಲನ್ನು ಮೊದಲು ಕುದುರೆಗಳ ಬೆನ್ನಿನ ಮೇಲೆ ಹೇರಿ ಸಾಗಿಸುತ್ತಿದ್ದರು. ೧೮೬೧ರಿಂದ ೧೮೬೫ರವರೆಗೆ ಅಮೆರಿಕೆಯಲ್ಲಿ ನಡೆದ ಅಂತರ್ಯುದ್ಧದಿಂದ ಇಂಗ್ಲೆಂಡಿನ ಮ್ಯಾಂಚೆಸ್ಟರಿಗೆ ಹತ್ತಿಯ ಸರಬರಾಯಿ ಕುಗ್ಗಿತು. ಅಲ್ಲಿಯ ಗಿರಣಿಯ ಒಡೆಯರಾದ ಮೆಕಾನಲ್ ವಂಶದವರು ತಮ್ಮ ಬಂಡವಾಳಕ್ಕೆ ಬೇರೊಂದು ದಾರಿಯನ್ನು ಅರಸಿ, ೧೮೬೪ರಲ್ಲಿ ಅಬರ್ಡವಿ ಸ್ಲೇಟ್ ಕಂಪೆನಿಯನ್ನು ಸ್ಥಾಪಿಸಿ ಈ ಗಣಿಯನ್ನು ವಹಿಸಿಕೊಂಡರು. ಗಣಿಯ ಕಲ್ಲನ್ನು ಟವಿನ್ನಿಗೆ ತರುವುದಕ್ಕಾಗಿ ೨ ಅಡಿ ೩ ಅಂಗುಲ ಅಗಲದ ಹಳಿಯನ್ನು ಹಾಕಿಸಿದರು. ಜೇಮ್ಸ್ ಸ್ವಿಂಟನ್ ಸ್ಪೂನರ್ ಎಂಬಾತನು ಅದರ ಎಂಜಿನಿಯರು. ೧೮೬೫ರಲ್ಲಿ ಪಾರ್ಲಿಮೆಂಟಿನ ಶಾಸನವೂ ದೊರೆಯಿತು. ಉಗಿಯ ಎಂಜಿನ್ನಿನಿಂದ ಪ್ರಯಾಣಿಕರನ್ನು ಒಯ್ಯುವುದಕ್ಕೆ ಬ್ರಿಟನ್ನಿನಲ್ಲಿ ಶಾಸನಮೂಲಕ ಅಧಿಕಾರ ಪಡೆದ ಕಿರುಹಳಿಯ ಮಾರ್ಗಗಳಲ್ಲಿ ಇದೇ ಮೊದಲನೆಯದು.

೧೮೬೬ರಲ್ಲಿ ಸರಕಾರದ ಪರೀಕ್ಷಕನಾದ ಕ್ಯಾಪ್ಟನ್ ಟೈಲರನು ಬಂದು ನೋಡಿದಾಗ ಒಂದು ದೋಷವು ಕಂಡುಬಂದಿತು. ಮಾರ್ಗದ ಮೇಲಣ ಸೇತುವೆಗಳ ಕಮಾನುಗಳು ಇಕ್ಕಟ್ಟಾಗಿದ್ದು, ಗಾಡಿಗೂ ಗೋಡೆಗೂ ನಡುವೆ ಒಬ್ಬ ಮನುಷ್ಯನು ಇಳಿದು ನಿಲ್ಲುವಷ್ಟು ತೆರಪಿರಲಿಲ್ಲ. ಕಮಾನುಗಳನ್ನು ಕೆಡವಿ ಕಟ್ಟುವುದರ ಬದಲು, ಗಾಡಿಗಳ ಒಂದು ಪಕ್ಕದ ಬಾಗಿಲುಗಳನ್ನು ಶಾಶ್ವತವಾಗಿ ಮುಚ್ಚಿ, ಸೇತುವೆಗಳ ಕೆಳಗೆ ಹಳಿಯನ್ನು ಆ ಪಕ್ಕಕ್ಕೆ ಸರಿಸಿದರು. ಹೀಗೆ ಅಲ್ಪವ್ಯಯದಲ್ಲಿ ಮಾಡಿದ ಪರಿಹಾರವು ಇಂದಿಗೂ ನಡೆದುಬಂದಿದ್ದು, ಪ್ರಯಾಣಿಕರು ಈಗಲೂ ಒಂದೇ ಪಕ್ಕದಿಂದ ಹತ್ತಿ ಇಳಿಯುತ್ತಾರೆ. ಮಾರ್ಗದ ಮೊದಲ ಎಂಜಿನ್ನುಗಳು ಎರಡು: ೧೮೬೪ರ 'ತಾಲಿಲಿನ್' ಮತ್ತು ೧೮೬೬ರ 'ಡೋಲ್ಗೋಖ್'. ಎರಡನ್ನೂ ವೈಟ್‌ಹೇವನ್ನಿನ ಫ್ಲೆಚರ್ ಜೆನಿಂಗ್ಸ್ ಕಾರ್ಖಾನೆಯವರು ನಿರ್ಮಿಸಿದರು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದುಂಟು. ಮುಂದಿನ ಎಂಬತ್ತು ವರ್ಷಗಳಲ್ಲಿ ಈ ಮಾರ್ಗಕ್ಕೆ ಮೂರನೆಯ ಉಗಿಯ ಎಂಜಿನ್ನು ಬರಲೇ ಇಲ್ಲ; ಪ್ರಯಾಣಿಕರ ಗಾಡಿಗಳೂ ಮೊದಲಿನವೇ ಉಳಿದುವು. ಇದು ಪ್ರಾಚೀನತೆಯ ಮೇಲಣ ಆದರದಿಂದ ಆದುದಲ್ಲ, ದಾರಿದ್ರ್ಯದಿಂದ ಆದುದು. ಸ್ಲೇಟಿನ ವ್ಯಾಪಾರವು ಇಳಿಮುಖವಾಗಿರಲು, ೧೯೧೧ರಲ್ಲಿ ಗಣಿಯನ್ನೂ ಮಾರ್ಗವನ್ನೂ ಆ ಪ್ರಾಂತದ ಪಾರ್ಲಿಮೆಂಟಿನ ಸದಸ್ಯನಾದ ಹೇಡನ್ ಜೋನ್ಸನು ಕೊಂಡುಕೊಂಡನು. ೧೯೪೬ರ ಡಿಸೆಂಬರಿನಲ್ಲಿ ಗಣಿಯು ಕುಸಿದು ಮುಚ್ಚಿಹೋಯಿತು. ಆದರೂ ತಾನು ಬದುಕಿರುವ ತನಕ ರೈಲನ್ನು ನಡೆಯಿಸುವೆನೆಂದು ಆತನು ಪಟ್ಟುಹಿಡಿದನು. ಆ ವೇಳೆಗೆ 'ತಾಲಿಲಿನ್' ಕೆಟ್ಟುನಿಂತಿತ್ತು. 'ಡೋಲ್ಗೋಖ್' ಒಂದೇ ಗಾಡಿಗಳನ್ನು ಎಳೆಯುತ್ತಿತ್ತು. ಹಳಿಗಳ ನಡುವೆ ಹುಲ್ಲು ಬೆಳೆದು, ಕೊಳೆತ ಮರದ ದಿಮ್ಮಿಗಳಿಗಿಂತ ಆ ಹುಲ್ಲುನೆಲವೇ ಹಳಿಯನ್ನು ಹಿಡಿದಿಟ್ಟಿದೆಯೆಂದು ನೋಡಿದವರು ಹೇಳುತ್ತಿದ್ದರು. ೧೯೪೭ರ ಶಾಸನದಿಂದ ಬ್ರಿಟನ್ನಿನ ರೈಲುಗಳು ರಾಷ್ಟ್ರದ ವಶವಾದಾಗ, ಆ ಶಾಸನದ ಪಟ್ಟಿಯಲ್ಲಿ ಈ ಮಾರ್ಗದ ಹೆಸರಿರಲಿಲ್ಲ. ಅದರ ಸ್ವಾತಂತ್ರ್ಯವು ಹಾಗೆ ಉಳಿಯಿತು. ೧೯೫೦ರ ಜುಲೈ ೨ರಂದು ಸರ್ ಹೇಡನ್ ತೀರಿಕೊಂಡನು.

ಎಲ್. ಟಿ. ಸಿ. ರೋಲ್ಟ್ (೧೯೧೦-೧೯೭೪) ಎಂಬ ಗ್ರಂಥಕರ್ತನು ಇಂಗ್ಲೆಂಡಿನ ಹಳೆಯ ಕಾಲುವೆಗಳ ಉದ್ಧಾರಕ್ಕಾಗಿ ೧೯೪೬ರಲ್ಲಿ ಸಂಘವೊಂದನ್ನು ಸ್ಥಾಪಿಸಿದವರಲ್ಲಿ ಒಬ್ಬನು. ಆತನೂ ಅವನ ಮಿತ್ರರೂ ಸೇರಿ ೧೯೫೦ರ ಅಕ್ಟೋಬರ್ ೧೧ರಂದು ಬರ್ಮಿಂಗ್‌ಹ್ಯಾಮ್ ನಗರದ ಇಂಪೀರಿಯಲ್ ಹೋಟೆಲಿನಲ್ಲಿ ಸಭೆ ಕರೆದರು. ಸುಮಾರು ೭೦ ಜನ ನೆರೆದರು. ತಾಲಿಲಿನ್ ರೈಲುಮಾರ್ಗ ಸಂರಕ್ಷಣ ಸಂಘವು ಹುಟ್ಟಿತು. ಹೇಡನ್ ಜೋನ್ಸನ ಪತ್ನಿಯು ಕಂಪೆನಿಯ ಷೇರುಗಳನ್ನು ಲಾಭೋದ್ದೇಶವಿಲ್ಲದ ಒಂದು ಸಂಸ್ಥೆಗೆ ವರ್ಗಾಯಿಸಲೊಪ್ಪಿದಳು. ಹೀಗಾಗಿ ೧೮೬೫ರ ಕಂಪೆನಿಯು ಅಳಿಯದೆ, ಅದರ ಶಾಸನದತ್ತವಾದ ಹಕ್ಕುಗಳೂ ಹೊಣೆಗಳೂ ಅವಿಚ್ಛಿನ್ನವಾಗಿ ಮುಂದುವರಿದುವು. ೧೯೫೧ರ ಮೇ ೧೪ರಂದು ಸಂಘದ ಆಡಳಿತದಲ್ಲಿ ಮೊದಲ ರೈಲು ಟವಿನ್ನಿನಿಂದ ರೀಡರೋನೆನ್ನಿನವರೆಗೆ ಓಡಿತು. ರೋಲ್ಟನೇ ವ್ಯವಸ್ಥಾಪಕನಾಗಿದ್ದು, ಆ ಕಾಲದ ಕಷ್ಟಗಳನ್ನು ೧೯೫೩ರಲ್ಲಿ ಪ್ರಕಟವಾದ 'ರೈಲ್ವೇ ಅಡ್ವೆಂಚರ್' ಎಂಬ ಗ್ರಂಥದಲ್ಲಿ ಬರೆದಿದ್ದಾನೆ.

ಒಂದೇ ಎಂಜಿನ್ನನ್ನು ನಂಬಿ ರೈಲನ್ನು ನಡೆಯಿಸುವುದು ಸಾಧ್ಯವಿರಲಿಲ್ಲ. ಹತ್ತಿರದ ಕಾರಿಸ್ ಮಾರ್ಗದ ಹಳಿಯೂ ೨ ಅಡಿ ೩ ಅಂಗುಲದ್ದೇ. ಅದು ೧೯೪೮ರಲ್ಲಿ ಮುಚ್ಚಿದುದರಿಂದ ಅದರ ಎರಡು ಎಂಜಿನ್ನುಗಳು ಕೆಲಸವಿಲ್ಲದೆ ನಿಂತಿದ್ದುವು. ಅವುಗಳನ್ನು ಸಂಘವು ೧೯೫೧ರಲ್ಲಿ ತಲಾ ೨೫ ಪೌಂಡುಗಳಿಗೆ ಕೊಂಡಿತು. ಒಂದಕ್ಕೆ 'ಸರ್ ಹೇಡನ್' ಎಂದೂ, ಇನ್ನೊಂದಕ್ಕೆ ಹಳೆಯ ವ್ಯವಸ್ಥಾಪಕನ ನೆನಪಿಗಾಗಿ 'ಎಡ್ವರ್ಡ್ ಥಾಮಸ್' ಎಂದೂ ಹೆಸರಿಟ್ಟರು. ಎರಡನೆಯದನ್ನು, ಸಂಘದ ಸದಸ್ಯನೇ ಆಗಿದ್ದ ಹನ್ಸ್‌ಲೆಟ್ ಕಾರ್ಖಾನೆಯ ಮುಖ್ಯಸ್ಥನು ಹಣ ಪಡೆಯದೆ ದುರಸ್ತಿಮಾಡಿಸಿಕೊಟ್ಟನು. 'ತಾಲಿಲಿನ್' ಎಂಜಿನ್ನು ೧೯೫೮ರಲ್ಲಿ ಮರಳಿ ಕೆಲಸಕ್ಕೆ ಬಂದಿತು. ಹಿಂದೆ ಕಲ್ಲಿನ ಗಾಡಿಗಳಿಗೆ ಮಾತ್ರ ಮೀಸಲಾಗಿದ್ದ ಕೊನೆಯ ಭಾಗವನ್ನು ೧೯೭೬ರಲ್ಲಿ ಪ್ರಯಾಣಿಕರಿಗೆ ತೆರೆದುದರಿಂದ, ರೈಲು ಈಗ ನಾಂಟ್ ಗ್ವೆರ್ನೋಲಿನವರೆಗೆ ೭¼ ಮೈಲಿ ಓಡುತ್ತದೆ.

ಇನ್ನು ನಡವಳಿಕೆಯ ಕ್ರಮ. ಇಲ್ಲಿ ವೇತನದ ನೌಕರರು ಕೆಲವರು, ಸ್ವಯಂಸೇವಕರು ಬಹುಮಂದಿ. ಸ್ವಯಂಸೇವೆಯೆಂದರೆ ಸ್ವೇಚ್ಛೆಯಲ್ಲ. ಎಂಜಿನ್ನನ್ನು ನಡೆಯಿಸಬೇಕೆನ್ನುವವನು ಮೊದಲು ಅದನ್ನು ಒರಸಿ ಶುಚಿಮಾಡುವುದನ್ನು ಕಲಿಯಬೇಕು. ಬಳಿಕ ಬೆಂಕಿಯನ್ನು ನೋಡಿಕೊಳ್ಳುವವನಾಗಬೇಕು. ಆ ಮೇಲೆಯೇ ಚಾಲಕನಾಗುವುದು. ಒಂಟಿಹಳಿಯಾದುದರಿಂದ, ಆಯಾ ಭಾಗದ ಟೋಕನ್ ಕೈಗೆ ಬಾರದೆ ಚಾಲಕನು ಮುಂದುವರಿಯಲಾಗದು. ಅಧ್ಯಾಪಕನಾಗಲಿ ಗುಮಾಸ್ತನಾಗಲಿ ವೈದ್ಯನಾಗಲಿ, ಅಲ್ಲಿ ಕಾಲಿಟ್ಟೊಡನೆ ಗುರುಕುಲದ ಅಂತೇವಾಸಿಯಂತೆ ಕಿರಿಯ ಕೆಲಸದಿಂದಲೇ ಪ್ರಾರಂಭಿಸತಕ್ಕದ್ದು.

ಇಲ್ಲಿ ಒಂದು ಪೂರ್ವಪಕ್ಷವನ್ನು ಎದುರಿಸಬೇಕಾಗಿದೆ. ಬಡತನವು ಎಂಬತ್ತು ವರ್ಷ ಕಾಪಾಡಿದುದನ್ನು ಪ್ರೀತಿಯು ಕೆಡಿಸಲಿಲ್ಲವೆ? ಹುಲ್ಲು ತುಂಬಿದ ಹಳಿಯನ್ನು ಕಿತ್ತು ಹೊಸ ಹಳಿಯನ್ನು ಹಾಕಿದರು. ಎಂಜಿನ್ನುಗಳ ಅವಯವಗಳನ್ನು ಬದಲಾಯಿಸಿದರು. ಹೊರಗಿನ ಎಂಜಿನ್ನುಗಳನ್ನು ತಂದರು. ಸಾಗಿಸುವುದಕ್ಕೆ ಕಲ್ಲೂ ಇಲ್ಲ. ಉಳಿದುದು ಹೆಸರು ಮಾತ್ರವಲ್ಲವೆ?

ಈ ಆಕ್ಷೇಪದಲ್ಲಿ ಸತ್ಯಾಂಶವುಂಟು. ರೋಲ್ಟನು ಮೊದಲು ಕಂಡು ಮೆಚ್ಚಿದ ಆ ಜೀರ್ಣಮಾರ್ಗವು ಈಗ ಇಲ್ಲ. ಇರುವ ಹಾಗೂ ಇರಲಿಲ್ಲ, ಏಕೆಂದರೆ ಮುಟ್ಟದೆ ಬಿಟ್ಟಿದ್ದರೆ ಅದು ಗುಜರಿಯ ಕಬ್ಬಿಣವಾಗುತ್ತಿದ್ದಿತು. ನಮ್ಮ ಪ್ರಾಚೀನ ಕಾವ್ಯಗಳು ಉಳಿದುದೂ ಮೊದಲ ಓಲೆಗಳಿಂದಲ್ಲ. ಓಲೆ ಸವೆದಾಗಲೆಲ್ಲ ಹೊಸ ಓಲೆಗೆ ಪ್ರತಿಮಾಡಿಕೊಂಡುದರಿಂದ ಅವು ಉಳಿದುವು. ಪ್ರತಿಕಾರರ ಕೈಯಲ್ಲಿ ಪಾಠಾಂತರಗಳೂ ಹುಟ್ಟಿದುವು. ಆದಕಾರಣ ಅವು ಬೇರೆ ಕಾವ್ಯಗಳೆಂದು ಯಾರೂ ಹೇಳುವುದಿಲ್ಲ. ತಾಲಿಲಿನ್ನಿನಲ್ಲಿ ಉಳಿದುದು ಮೂರು: ೧೮೬೫ರಿಂದ ಕಡಿಯದ ಕಂಪೆನಿಯ ಸ್ವತ್ವ; ರೈಲನ್ನು ನಡೆಯಿಸುವ ಕಾರ್ಯ; ಬೆಂಕಿ, ನೀರು, ಉಗಿಗಳ ಹದವನ್ನರಿತ ಕೈಯ ವಿದ್ಯೆ. ಇವುಗಳಲ್ಲಿ ಮೊದಲನೆಯದು ಕಾಗದದಲ್ಲಿ ನಿಲ್ಲಬಹುದು. ಕೊನೆಯ ಎರಡನ್ನು ಯಾವ ಸಂಗ್ರಹಾಲಯವೂ ಗಾಜಿನ ಪೆಟ್ಟಿಗೆಯಲ್ಲಿ ಇರಿಸಲಾರದು. ಆದರೆ ಪಾಠಾಂತರವನ್ನು ಗುರುತುಮಾಡಿಕೊಳ್ಳದ ಪ್ರತಿಕಾರನು ಮೂಲಕ್ಕೆ ದ್ರೋಹಮಾಡುವನು. ಬದಲಾಯಿಸಿದ ಪ್ರತಿಯೊಂದು ಅವಯವದ ಲೆಕ್ಕವನ್ನಿಡುವುದು, ಸೇವೆಗೆ ಬಾರದ ಹಳೆಯದನ್ನು ಬೇರೆಯಾಗಿ ಕಾಪಾಡುವುದು, ಇವೆರಡೂ ಇಂತಹ ಸಂಘಗಳ ಧರ್ಮವಾಗಿವೆ. ಟವಿನ್ನಿನ ನಿಲ್ದಾಣದಲ್ಲಿಯೇ ಕಿರುಹಳಿಯ ರೈಲುಗಳ ವಸ್ತುಸಂಗ್ರಹಾಲಯವೊಂದು ಇರುವುದು ಈ ದೃಷ್ಟಿಯಿಂದ ಯುಕ್ತವಾಗಿದೆ.

ಈ ದೃಷ್ಟಾಂತವು ಬೇಗನೆ ಹರಡಿತು. ವೇಲ್ಸಿನ ಫೆಸ್ಟಿನ್ಯೋಗ್ ಮಾರ್ಗವು ೧೯೫೫ರಲ್ಲಿಯೂ, ಇಂಗ್ಲೆಂಡಿನ ಬ್ಲೂಬೆಲ್ ಮಾರ್ಗವು ೧೯೬೦ರಲ್ಲಿಯೂ ಸ್ವಯಂಸೇವಕರ ಪ್ರಯತ್ನದಿಂದ ಮರಳಿ ತೆರೆದುವು. ೨೦೨೧ರಲ್ಲಿ ಯುನೆಸ್ಕೋ ಸಂಸ್ಥೆಯು ವಾಯವ್ಯ ವೇಲ್ಸಿನ ಸ್ಲೇಟುಪ್ರದೇಶವನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದಾಗ, ಬ್ರಿನ್ ಎಗ್ಲುಯಿಸ್ ಗಣಿಯೂ ತಾಲಿಲಿನ್ ಮಾರ್ಗವೂ ಅದರಲ್ಲಿ ಸೇರಿದುವು. ಗಣಿಯು ನಿರ್ಜನವಾಗಿದೆ, ಮಾರ್ಗದಲ್ಲಿ ರೈಲು ಓಡುತ್ತಿದೆ. ಒಂದೇ ಪಟ್ಟಿಯ ಈ ಎರಡು ಸ್ಥಳಗಳನ್ನು ಹೋಲಿಸಿ ನೋಡಿದವರಿಗೆ, ಮೊದಲು ಹೇಳಿದ ಎರಡು ಕ್ರಮಗಳ ಅಂತರವು ವಿಶದವಾಗುವುದು. ಯಾವುದು ಮೇಲೆಂಬುದು ವಸ್ತುವಿನ ಸ್ವಭಾವವನ್ನು ಅವಲಂಬಿಸಿದೆ. ನಡೆಯುವುದಕ್ಕೆಂದು ಹುಟ್ಟಿದುದನ್ನು ನಡೆಯಿಸಿಯೇ ಉಳಿಸಬೇಕೆಂಬುದು ತಾಲಿಲಿನ್ನಿನ ಚರಿತ್ರೆಯಿಂದ ಸಿದ್ಧವಾಗುವ ಅರ್ಥ.