ಇದನ್ನು ನಿಮಗೆ ಹೇಳಿದವರು ಯಾರು?

ಭಾರತದಲ್ಲಿ ಸುಳ್ಳು ಸಂದೇಶಗಳಿಂದ ಕೊಲೆಗಳೇ ಆದಮೇಲೆ, 2018ರಲ್ಲಿ ವಾಟ್ಸಾಪ್ 'ಫಾರ್ವರ್ಡೆಡ್' ಅನ್ನೋ ಗುರುತು ಹಾಕಲು ಶುರು ಮಾಡ್ತು. ಆದ್ರೆ ಯಾರಿಂದ ಯಾರಿಗೆ ಬಂತು ಅಂತ ಅದು ಹೇಳಲ್ಲ. ಇಸ್ಲಾಮಿನ ವಿದ್ವಾಂಸರು ಸಾವಿರ ವರ್ಷಕ್ಕೂ ಹಿಂದೆಯೇ ಕೇಳುತ್ತಿದ್ದದ್ದು ಸರಿಯಾಗಿ ಇದನ್ನೇ!

ಪ್ರವಾದಿ ಮುಹಮ್ಮದರು ತೀರಿಕೊಂಡದ್ದು 632ರಲ್ಲಿ. ಅವರ ಮಾತು, ನಡವಳಿಕೆಗಳ ವರದಿಗೆ ಹದೀಸ್ ಅಂತಾರೆ. 656ರಲ್ಲಿ ಖಲೀಫ ಉಸ್ಮಾನರ ಕೊಲೆಯಾಗಿ ಒಳಜಗಳ ಹೊತ್ತಿಕೊಂಡಿತು. ಆಮೇಲೆ ಪಕ್ಷಕ್ಕೊಂದರಂತೆ ಹದೀಸ್‌ಗಳು ಹುಟ್ಟಿಕೊಂಡವು. ಇದಕ್ಕೆ ಮದ್ದಾಗಿ ಬೆಳೆದದ್ದು 'ಇಸ್ನಾದ್': ಇಂಥವರು ಇಂಥವರಿಂದ ಕೇಳಿದ್ದು ಅನ್ನೋ ಹೆಸರುಗಳ ಸರಪಳಿ. ನಮ್ಮ ಸಾಫ್ಟ್‌ವೇರ್‌ನವರ ಲಾಗ್ ಫೈಲ್ ಇದ್ದ ಹಾಗೆ ಅಂದ್ಕೊಳ್ಳಿ. ಸರಪಳಿಯ ಪ್ರತಿಯೊಬ್ಬನ ಜಾತಕವನ್ನೂ ಜಾಲಾಡುತ್ತಿದ್ದರು. ಇಬ್ಬರೂ ಒಂದೇ ಕಾಲದಲ್ಲಿ ಬದುಕಿದ್ದರೇ? ಭೇಟಿಯಾಗಿದ್ದರೇ? ಮುಪ್ಪಿನಲ್ಲಿ ನೆನಪು ಕೆಟ್ಟಿತ್ತೇ? ಎಲ್ಲ ದಾಖಲು. ಬುಖಾರಿ (810-870) ಹೀಗೆ ಸೋಸಿ ಉಳಿಸಿಕೊಂಡದ್ದು ಪುನರಾವರ್ತನೆ ಸೇರಿ ಸುಮಾರು ಏಳು ಸಾವಿರ ಮಾತ್ರ.

ದುರುದ್ದೇಶದ ಸುಳ್ಳನ್ನು ಹಿಡಿಯೋದು ಸುಲಭ ಬಿಡಿ. ಕಷ್ಟ ಇರೋದು ಸದುದ್ದೇಶದ ಸುಳ್ಳಲ್ಲಿ. ಮರ್ವ್ ನಗರದ ನ್ಯಾಯಾಧೀಶ ನೂಹ್ ಬಿನ್ ಅಬೀ ಮರ್ಯಮ್ ಎಂಟನೇ ಶತಮಾನದವನು. ಜನ ಕಾನೂನು, ಯುದ್ಧದ ಕಥೆಗಳಲ್ಲೇ ಮುಳುಗಿ ಕುರಾನ್ ಮರೆತರು ಅಂತ, ಅದರ ಒಂದೊಂದು ಅಧ್ಯಾಯದ ಮಹಿಮೆ ಸಾರೋ ಹದೀಸ್‌ಗಳನ್ನು ತಾನೇ ಕಟ್ಟಿದನಂತೆ. ಪುಣ್ಯದ ಕೆಲಸವೇ ತಾನೆ? ಆದರೂ ಹದೀಸ್ ಪಂಡಿತರು ಅವನನ್ನು ಕೃತಕ ಹದೀಸ್ ಕಟ್ಟಿದವರ ಸಾಲಿಗೇ ಸೇರಿಸಿದರು.

ಚೀನಾಕ್ಕೆ ಹೋಗಿಯಾದರೂ ವಿದ್ಯೆ ಕಲಿಯಿರಿ ಅನ್ನೋ ಮಾತನ್ನೇ ತಗೊಳ್ಳಿ. ಇವತ್ತಿಗೂ ಭಾಷಣಗಳಲ್ಲಿ ಪ್ರವಾದಿಯ ಮಾತು ಅಂತಲೇ ಚಪ್ಪಾಳೆ ಗಿಟ್ಟಿಸುತ್ತೆ. ಬಾಗ್ದಾದಿನ ಇಬ್ನ್ ಅಲ್-ಜೌಝೀ (ಸಾವು 1201) ಇದನ್ನು ಕೃತಕ ಹದೀಸ್‌ಗಳ ತಮ್ಮ ಸಂಗ್ರಹಕ್ಕೆ ಹಾಕಿಬಿಟ್ಟರು. ಮಾತು ಎಷ್ಟೇ ಚೆನ್ನಾಗಿರಲಿ, ಪ್ರವಾದಿ ಹೇಳಿದ್ದಕ್ಕೆ ಪುರಾವೆ ಬೇಕು!

ಈ ವ್ಯವಸ್ಥೆಯಲ್ಲಿ ದೋಷ ಇಲ್ಲವೇ ಅಂದ್ರೆ, ಇದೆ. ಸರಪಳಿಯನ್ನೂ ಕಟ್ಟಬಹುದು, ಹಂಗೇರಿಯ ಗೋಲ್ಡ್‌ಝಿಹರ್ (1850-1921) ಹದೀಸ್‌ಗಳನ್ನೇ ಸಂಶಯದಿಂದ ನೋಡಿದರು. ಆ ಚರ್ಚೆ ಇನ್ನೂ ಮುಗಿದಿಲ್ಲ.

ಮಧ್ಯಮ ಮಾರ್ಗಕ್ಕೆ ಅರಬ್ಬಿಯಲ್ಲಿ 'ವಸತಿಯ್ಯ' ಅಂತಾರೆ. ಎಲ್ಲರಿಗೂ ಹಿತವಾಗೋ ಹಾಗೆ ಮಾತಾಡೋದು ಅಂತ ಅದರರ್ಥ ಅಲ್ಲ ಅನ್ಸುತ್ತೆ ನಂಗೆ. ಎದುರಾಳಿಯ ಮಾತಿಗೆ ಹಿಡಿಯೋ ಜರಡಿಯನ್ನೇ ನಮಗೆ ಪ್ರಿಯವಾದ ಮಾತಿಗೂ ಹಿಡಿಯೋದು ಅದು. ಯಾವ ಧರ್ಮದವರಿಗಾದರೂ ಅಷ್ಟೇ.

ಮುಂದಿನ ಫಾರ್ವರ್ಡ್ ತುಂಬಾ ಇಷ್ಟವಾಯ್ತೋ, ಅದನ್ನೇ ಮೊದಲು ಜರಡಿಗೆ ಹಾಕಿ. ಏನಂತೀರಿ?