ಒಮ್ಮತ ಎಂದವರು, ಎಣಿಸಿದವರು, ಕೇಳಿದವರು

1834ರ ಮೇ 7ರಂದು ಮಡಿಕೇರಿಯಲ್ಲಿ ಕರ್ನಲ್ ಫ್ರೇಸರನು ಒಂದು ಘೋಷಣೆಯನ್ನು ಹೊರಡಿಸಿದನು. ಕೊಡಗಿನ ಕೊನೆಯ ಅರಸ ಚಿಕ್ಕವೀರರಾಜೇಂದ್ರನು ಅದರ ಹಿಂದಿನ ತಿಂಗಳಷ್ಟೇ ಈಸ್ಟ್ ಇಂಡಿಯಾ ಕಂಪೆನಿಯ ಸೈನ್ಯಕ್ಕೆ ಶರಣಾಗಿದ್ದನು. ಕೊಡಗಿನ ನಿವಾಸಿಗಳೆಲ್ಲರ ಒಮ್ಮತದ ಇಚ್ಛೆಯಂತೆ ನಾಡನ್ನು ಕಂಪೆನಿ ಸರ್ಕಾರದ ಆಶ್ರಯಕ್ಕೆ ತೆಗೆದುಕೊಳ್ಳಲಾಗಿದೆ ಎಂಬುದು ಆ ಘೋಷಣೆಯ ಸಾರ. ಒಮ್ಮತ ಎಂಬ ಈ ಮಾತಿನ ಮುಂದೆ ಇತಿಹಾಸವನ್ನು ಓದುವವನು ಸ್ವಲ್ಪ ನಿಲ್ಲಬೇಕಾಗುತ್ತದೆ. ಯಾರನ್ನು ಕೇಳಲಾಗಿತ್ತು? ಫ್ರೇಸರನು ವಿಚಾರಿಸಿದ್ದು ದಿವಾನರನ್ನು ಮತ್ತು ನಾಡಿನ ಮುಖಂಡರನ್ನು. ಅವರು ಕಂಪೆನಿಯ ಆಡಳಿತವೇ ಬೇಕೆಂದರು. ಗದ್ದೆಯಲ್ಲಿ ದುಡಿಯುತ್ತಿದ್ದ ಎರವನನ್ನಾಗಲಿ, ಕಾಡಿನ ಕುರುಬನನ್ನಾಗಲಿ, ಘಟ್ಟದ ಕೆಳಗಿನ ಒಕ್ಕಲಿಗನನ್ನಾಗಲಿ ಯಾರೂ ಕೇಳಿರಲಿಲ್ಲ.

ಕೇಳದೆ ಉಳಿದ ಪ್ರಶ್ನೆಗೆ ಉತ್ತರವು ಮೂರೇ ವರ್ಷಗಳಲ್ಲಿ ದೊರೆಯಿತು. ಕೊಡಗಿಗೆ ಸೇರಿದ್ದ ಅಮರ ಸುಳ್ಯ ಮತ್ತು ಪುತ್ತೂರು ಸೀಮೆಗಳನ್ನು ಕಂಪೆನಿಯು ಕೆನರಾ ಜಿಲ್ಲೆಗೆ ಸೇರಿಸಿತು. ಅಲ್ಲಿನ ರೈತರು ಅದುವರೆಗೆ ಧಾನ್ಯರೂಪದಲ್ಲಿ ಸಲ್ಲಿಸುತ್ತಿದ್ದ ಕಂದಾಯವನ್ನು ಇನ್ನು ನಗದಾಗಿ ಸಲ್ಲಿಸಬೇಕಾಯಿತು. ಕೈಯಲ್ಲಿ ನಾಣ್ಯವಿಲ್ಲದ ರೈತನು ಬೆಳೆದ ಭತ್ತವನ್ನು ವ್ಯಾಪಾರಿ ಹೇಳಿದ ಬೆಲೆಗೆ ಮಾರಿ, ಆ ಹಣವನ್ನು ಕಚೇರಿಗೆ ಕಟ್ಟಬೇಕು. 1837ರಲ್ಲಿ ಅಮರ ಸುಳ್ಯದ ಜನರು ದಂಗೆಯೆದ್ದು, ಕಲ್ಯಾಣಪ್ಪನ ಹೆಸರಿನಲ್ಲಿ ಮಂಗಳೂರಿನವರೆಗೆ ನಡೆದುಹೋಗಿ, ಕೆಲವು ದಿನಗಳ ಕಾಲ ಆ ಪಟ್ಟಣವನ್ನು ತಮ್ಮ ವಶದಲ್ಲಿಟ್ಟುಕೊಂಡರು. ಅದೇ ಸಂದರ್ಭದಲ್ಲಿ ಕೊಡಗಿನ ದಿವಾನರು ದಂಗೆಯನ್ನು ಅಡಗಿಸಲು ಕಂಪೆನಿಗೆ ನೆರವಾದರು. ನೆರವಾದವರಿಗೆ ಕಂಪೆನಿಯು ಪದಕಗಳನ್ನು ಕೊಟ್ಟಿತು. ಒಂದೇ ಅರಸನ ಪ್ರಜೆಗಳಾಗಿದ್ದವರಲ್ಲಿ ಕೆಲವರು ಪದಕ ಧರಿಸಿದರು, ಕೆಲವರು ಗಲ್ಲಿಗೇರಿದರು. ಮೂರು ವರ್ಷಗಳ ಹಿಂದಿನ 'ಒಮ್ಮತ'ವು ಇಷ್ಟೇ ಆಗಿತ್ತು.

ಹಾಗೆಂದು ಕೊಡಗನ್ನು ಅಳೆದವರಿಗೆ, ಎಣಿಸಿದವರಿಗೆ ಎಂದೂ ಕೊರತೆಯಿರಲಿಲ್ಲ. 1811ರಿಂದ 1820ರವರೆಗೆ ಆಳಿದ ಲಿಂಗರಾಜೇಂದ್ರನ ಕಾಲದ ಶಿಸ್ತಿನ ಲೆಕ್ಕಗಳಲ್ಲಿ ಯಾವ ಗದ್ದೆ ಯಾರದು, ಅದರ ಎಲ್ಲೆ ಯಾವುದು, ಅದರಲ್ಲಿ ಎಷ್ಟು ಭಟ್ಟಿ ಭತ್ತ ಬೆಳೆಯುತ್ತದೆ ಎಂಬುದೆಲ್ಲ ದಾಖಲಾಯಿತು. ನೂರು ಭಟ್ಟಿ ಭೂಮಿಗೆ ಜಮ್ಮಾ ಹಿಡುವಳಿಯಾದರೆ ಐದು ರೂಪಾಯಿ, ಸಾಗು ಹಿಡುವಳಿಯಾದರೆ ಹತ್ತು ರೂಪಾಯಿ ಕಂದಾಯ ಎಂಬ ವ್ಯತ್ಯಾಸವು ಬ್ರಿಟಿಷರ ಕಾಲದಲ್ಲಿಯೂ ಉಳಿದುಬಂದಿತು. ಅದೇ ಅರಸನ ಕಾಲದಲ್ಲಿ ಲೆಫ್ಟಿನೆಂಟ್ ಕಾನರ್ ಎಂಬ ಆಂಗ್ಲ ಅಧಿಕಾರಿಯು ಕೊಡಗಿನ ಬೆಟ್ಟ, ನದಿ, ದಾರಿ, ಜನಜೀವನಗಳ ಸರ್ವೇಕ್ಷಣೆ ನಡೆಸಿ 1817ರಲ್ಲಿ ವಿಸ್ತಾರವಾದ ವರದಿಯನ್ನು ಬರೆದನು. ಕಾನರನ ವರದಿಯು ಇಂದಿಗೂ ಓದಲು ಯೋಗ್ಯವಾದುದು. ಆದರೆ ಅದು ಜನರನ್ನು ನೋಡಿದವನ ಬರಹ. ರಾಜನಿಗೆ ತೆರಿಗೆ ಬೇಕಿತ್ತು, ಕಂಪೆನಿಗೆ ನಕ್ಷೆ ಬೇಕಿತ್ತು.

ಅನಂತರ ಬಂದದ್ದು ಜನಗಣತಿ. 1901ರಲ್ಲಿ ಕೊಡಗಿನ ಜನಸಂಖ್ಯೆ 1,80,607; 1931ರಲ್ಲಿ 1,63,327. ಮೂವತ್ತು ವರ್ಷಗಳಲ್ಲಿ ಹದಿನೇಳು ಸಾವಿರಕ್ಕೂ ಹೆಚ್ಚು ಜನ ಕಡಿಮೆಯಾದರೆಂದರೆ ಅದರ ಹಿಂದೆ ಎಷ್ಟು ಮನೆಗಳ ಕಥೆ ಇರಬೇಕು! ಮಲೇರಿಯಾ ಇತ್ತು, 1918ರ ಇನ್‌ಫ್ಲುಯೆಂಜಾ ಇತ್ತು, ಕಾಫಿಯ ಏಳುಬೀಳುಗಳಿಗೆ ತಕ್ಕಂತೆ ಘಟ್ಟ ಹತ್ತುವ, ಇಳಿಯುವ ಕೂಲಿಗಳ ಗುಂಪುಗಳಿದ್ದವು. ಗಣತಿದಾರನು ವಯಸ್ಸು, ಜಾತಿ, ಮತ, ಕಸುಬು, ಮಾತೃಭಾಷೆಗಳನ್ನು ಕೇಳುತ್ತಿದ್ದನು. 'ಇಲ್ಲಿ ಬದುಕುವುದು ನಿನಗೆ ಹೇಗಿದೆ?' ಎಂಬ ಪ್ರಶ್ನೆಗೆ ಅವನ ಹಾಳೆಯಲ್ಲಿ ಸ್ಥಳವಿರಲಿಲ್ಲ. ಅದು ಗಣತಿಯ ಕೆಲಸವೂ ಅಲ್ಲ ಎನ್ನಬಹುದು, ನಿಜ. ನಮ್ಮ ಧರ್ಮಕೇಂದ್ರಗಳ ಕುಟುಂಬ ದಫ್ತರಗಳಲ್ಲಿಯೂ ದೀಕ್ಷಾಸ್ನಾನ, ವಿವಾಹ, ಮರಣಗಳಿಗೆ ಅಂಕಣಗಳಿವೆಯೇ ಹೊರತು ಇದಕ್ಕೆ ಅಂಕಣವಿಲ್ಲ. ಮನೆ ಸಂದರ್ಶನಕ್ಕೆ ಬಂದ ಗುರುಗಳು ಜಗಲಿಯ ಮೇಲೆ ಕುಳಿತು ಕೇಳಿದರೆ ಮಾತ್ರ ಅದು ತಿಳಿಯುತ್ತದೆ.

ಸ್ವಾತಂತ್ರ್ಯಾನಂತರ ಕೊಡಗಿನ ಜನರ ಅಭಿಪ್ರಾಯಕ್ಕೆ ಬೆಲೆ ಬಂದದ್ದು ಮತಪೆಟ್ಟಿಗೆಯ ಮೂಲಕ. 1952ರಲ್ಲಿ ಕೊಡಗು ರಾಜ್ಯದ 24 ಸ್ಥಾನಗಳಲ್ಲಿ 15 ಸ್ಥಾನ ಕಾಂಗ್ರೆಸ್ಸಿಗೆ ಬಂದು ಸಿ. ಎಂ. ಪೂಣಚ್ಚನವರು ಮುಖ್ಯಮಂತ್ರಿಯಾದರು. ಕೊಡಗು ಪ್ರತ್ಯೇಕವಾಗಿಯೇ ಇರಬೇಕೆಂದು ವಾದಿಸಿದ ಪಂದ್ಯಂಡ ಬೆಳ್ಯಪ್ಪನವರ ತಕ್ಕಡಿ ಪಕ್ಷಕ್ಕೆ 9 ಸ್ಥಾನ ಬಂದವು. ಮುಂದೆ ರಾಜ್ಯ ಪುನರ್ವಿಂಗಡಣಾ ಆಯೋಗವು ದೇಶದ 104 ಸ್ಥಳಗಳಿಗೆ ಹೋಗಿ ಒಂಬತ್ತು ಸಾವಿರಕ್ಕೂ ಮಿಕ್ಕ ಜನರ ಅಭಿಪ್ರಾಯವನ್ನು ಆಲಿಸಿತು. 1956ರ ನವೆಂಬರ್ 1ರಂದು ಕೊಡಗು ಮೈಸೂರು ರಾಜ್ಯದಲ್ಲಿ ವಿಲೀನವಾಯಿತು. ಯಾವ ರಾಜ್ಯಕ್ಕೆ ಸೇರಬೇಕು ಎಂಬುದಕ್ಕೆ ಉತ್ತರ ಸಿಕ್ಕಿತು. ನಲ್ಲಿಯಲ್ಲಿ ನೀರು ಬರುತ್ತದೆಯೇ, ಆಸ್ಪತ್ರೆಯಲ್ಲಿ ವೈದ್ಯರಿದ್ದಾರೆಯೇ, ಕಚೇರಿಯಲ್ಲಿ ನಿಮ್ಮನ್ನು ಮನುಷ್ಯರಂತೆ ಕಾಣುತ್ತಾರೆಯೇ ಎಂಬ ಪ್ರಶ್ನೆಗಳನ್ನು ಮತಪತ್ರದಲ್ಲಿ ಮುದ್ರಿಸಲಾಗದು.

ಆ ಪ್ರಶ್ನೆಗಳನ್ನು ಕ್ರಮವಾಗಿ ಕೇಳಿದ ಮೊದಲ ಪ್ರಯತ್ನವನ್ನು ಕಾಣಬೇಕಾದರೆ ನಾವು ಕೊಡಗಿನಿಂದ ಬೆಂಗಳೂರಿಗೆ ಹೋಗಬೇಕು. 1993ರಲ್ಲಿ ಸ್ಯಾಮ್ಯುಯೆಲ್ ಪಾಲ್ ಮತ್ತು ಅವರ ಸಂಗಡಿಗರು ನಗರದ ಮಧ್ಯಮವರ್ಗದ ಮನೆಗಳಿಗೂ, ಪ್ರತ್ಯೇಕವಾಗಿ ಕೊಳಚೆ ಪ್ರದೇಶದ ಮನೆಗಳಿಗೂ ಹೋಗಿ ನೀರು, ವಿದ್ಯುತ್ತು, ದೂರವಾಣಿ, ಆಸ್ಪತ್ರೆ, ನಗರಪಾಲಿಕೆಗಳ ಸೇವೆಯ ಕುರಿತು ಅಭಿಪ್ರಾಯ ಸಂಗ್ರಹಿಸಿದರು. ಕೆಲಸವಾಗಲು ಎಷ್ಟು ಸಲ ಅಲೆದಿರಿ, ಲಂಚ ಕೊಟ್ಟಿರಾ ಎಂದೂ ಕೇಳಿದರು. ಶಾಲಾಮಕ್ಕಳ ಅಂಕಪಟ್ಟಿಯಂತೆ ಇಲಾಖೆಗಳಿಗೆ ಅಂಕ ಕೊಡಿಸಿ ಫಲಿತಾಂಶವನ್ನು ಪತ್ರಿಕೆಗಳಿಗೆ ನೀಡಿದರು. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ ಸೇವೆಯಿಂದ ತೃಪ್ತರಾದವರು ನೂರಕ್ಕೆ ಒಬ್ಬರು! 1994ರಲ್ಲಿ ಸ್ಥಾಪನೆಯಾದ ಪಬ್ಲಿಕ್ ಅಫೇರ್ಸ್ ಸೆಂಟರ್ 1999ರಲ್ಲಿಯೂ 2003ರಲ್ಲಿಯೂ ಇಂಥದೇ ಸಮೀಕ್ಷೆಗಳನ್ನು ನಡೆಸಿತು. ಎರಡನೆಯದರಲ್ಲಿ ಅಲ್ಪಸ್ವಲ್ಪ, ಮೂರನೆಯದರಲ್ಲಿ ಸ್ಪಷ್ಟವಾದ ಸುಧಾರಣೆ ಕಂಡುಬಂದಿತು. ಅದಕ್ಕೆ ಸಮೀಕ್ಷೆಯೊಂದೇ ಕಾರಣವೆಂದು ನಾನು ಹೇಳಲಾರೆ. ಆದರೆ ತಮ್ಮ ಹೆಸರಿನ ಮುಂದೆ ಕಳಪೆ ಅಂಕ ಅಚ್ಚಾದದ್ದನ್ನು ಅಧಿಕಾರಿಗಳು ಸುಲಭವಾಗಿ ಮರೆಯಲಿಲ್ಲ.

ತೃಪ್ತಿಯನ್ನು ಅಳೆಯುವುದರಲ್ಲಿ ಒಂದು ಕಷ್ಟವೂ ಇದೆ. ಏನನ್ನೂ ನಿರೀಕ್ಷಿಸದವನು ಸ್ವಲ್ಪ ಸಿಕ್ಕರೂ 'ಪರವಾಗಿಲ್ಲ' ಎನ್ನುತ್ತಾನೆ. ಕಾಫಿ ತೋಟದ ಲೈನ್‌ಮನೆಯ ಕಾರ್ಮಿಕನನ್ನು ತೋಟದ ರೈಟರನ ಎದುರಿನಲ್ಲಿ ಕೇಳಿದರೆ ಅವನು ಬೇರೆ ಏನು ಹೇಳಿಯಾನು? ಕೆಲಸ ಹೋದರೆ ಮನೆಯೂ ಹೋಗುತ್ತದೆ. 2016ರಲ್ಲಿ ಇಂಥ ಲೈನ್‌ಮನೆಗಳಿಂದ ಹೊರಬಂದ ಅನೇಕ ಆದಿವಾಸಿ ಕುಟುಂಬಗಳು ದಿಡ್ಡಳ್ಳಿಯಲ್ಲಿ ಗುಡಿಸಲು ಕಟ್ಟಿಕೊಂಡಿದ್ದವು. ಆ ಡಿಸೆಂಬರಿನಲ್ಲಿ ಗುಡಿಸಲುಗಳನ್ನು ಕೆಡವಿದಾಗಲೂ ಅವರು ತೋಟಗಳಿಗೆ ಮರಳಲಿಲ್ಲ, ಅಲ್ಲಿಯೇ ಬಯಲಿನಲ್ಲಿ ಕುಳಿತರು. ಕಡೆಗೆ ಬಸವನಹಳ್ಳಿ ಮತ್ತು ಬ್ಯಾಡಗೊಟ್ಟದಲ್ಲಿ ಅವರಿಗೆ ನೆಲೆ ದೊರೆಯಿತು. ಲೈನ್‌ಮನೆಗಿಂತ ಪ್ಲಾಸ್ಟಿಕ್ ಹೊದಿಕೆಯ ಗುಡಿಸಲೇ ಮೇಲು ಎಂಬ ಅವರ ಉತ್ತರವನ್ನು ಅದಕ್ಕೆ ಮುಂಚೆ ಯಾವ ಪ್ರಶ್ನಾವಳಿಯೂ ಪಡೆದಿರಲಿಲ್ಲ.

2020ರ ಆರಂಭದಲ್ಲಿ ಕೇಂದ್ರ ಸರ್ಕಾರವು ದೇಶದ 111 ನಗರಗಳ ನಿವಾಸಿಗಳ ಅಭಿಪ್ರಾಯವನ್ನು ಸಂಗ್ರಹಿಸಿತು. 32 ಲಕ್ಷಕ್ಕೂ ಹೆಚ್ಚು ಜನ ಉತ್ತರಿಸಿದರು. ಮರುವರ್ಷ ಪ್ರಕಟವಾದ ಪಟ್ಟಿಯಲ್ಲಿ ದೊಡ್ಡ ನಗರಗಳ ಪೈಕಿ ಬೆಂಗಳೂರು ವಾಸಕ್ಕೆ ಅತ್ಯಂತ ಯೋಗ್ಯವಾದುದೆಂದು ಮೊದಲ ಸ್ಥಾನ ಪಡೆಯಿತು. ಸ್ಮಾರ್ಟ್ ಸಿಟಿಗಳು ಮತ್ತು ಹತ್ತು ಲಕ್ಷಕ್ಕೆ ಮೀರಿದ ನಗರಗಳು ಮಾತ್ರ ಆ ಸಮೀಕ್ಷೆಗೆ ಸೇರಿದ್ದವು. 2011ರ ಗಣತಿಯ ಪ್ರಕಾರ ಇಡೀ ಕೊಡಗಿನ ಜನಸಂಖ್ಯೆಯೇ 5,54,519. ಹೀಗಾಗಿ 2018ರ ಆಗಸ್ಟಿನಲ್ಲಿ ಬೆಟ್ಟ ಕುಸಿದು ಬೀದಿಗಳು ಬಿರುಕುಬಿಟ್ಟದ್ದನ್ನು ಕಂಡ ಮಡಿಕೇರಿಯ ನಿವಾಸಿಗಳನ್ನು, ಮನೆ ಕಳೆದುಕೊಂಡು ಜಂಬೂರಿನ ಹೊಸ ಮನೆಗಳಿಗಾಗಿ ಕಾದಿದ್ದ ಕುಟುಂಬಗಳನ್ನು, ನಿಮ್ಮ ವಾಸ ಹೇಗಿದೆಯೆಂದು ಕೇಳಲು ಆ ಸಮೀಕ್ಷೆಯವರು ಬರಲಿಲ್ಲ.